ಚಲನೆಯ ಗುಣ: ನೃತ್ಯದಲ್ಲಿ ಭಾರ, ಕಾಲ, ಹರಿವು

ನೃತ್ಯದ ಯಾವ ಚಲನೆಗೂ ಎರಡು ಮುಖಗಳಿವೆ. ಯಾವ ಅಂಗ ಯಾವ ದಿಕ್ಕಿಗೆ ಎಷ್ಟು ದೂರ ಸರಿಯಿತು ಎಂಬುದು ಒಂದು; ಹೇಗೆ ಸರಿಯಿತು ಎಂಬುದು ಇನ್ನೊಂದು. ಎದೆಯ ಮುಂದಿನ ಪತಾಕಹಸ್ತ ನಿಧಾನವಾಗಿ, ಹಗುರವಾಗಿ ಮುಂದಕ್ಕೆ ಚಾಚಿದರೆ ಅದರಲ್ಲಿ ಅಭಯವೋ ಸಾಂತ್ವನವೋ ಕಾಣುತ್ತದೆ. ಅದೇ ಕೈ ಅದೇ ದಾರಿಯಲ್ಲಿ ರಭಸದಿಂದ ಹೋಗಿ ಗಕ್ಕನೆ ನಿಂತರೆ ಆಜ್ಞೆಯಾಗುತ್ತದೆ. ಭಾರ ತುಂಬಿಕೊಂಡು ಇಂಚಿಂಚೇ ಸರಿದರೆ ಎದುರಿಗೆ ಬಂಡೆಯೊಂದಿದೆ ಎನ್ನಿಸುತ್ತದೆ. ಹಸ್ತವೂ ಬದಲಾಗಿಲ್ಲ, ದಾರಿಯೂ ಬದಲಾಗಿಲ್ಲ. ಬದಲಾದದ್ದು ಚಲನೆಯ ಗುಣ. ನೋಡುವವರಿಗೆ ತಲುಪುವ ಅರ್ಥದ ದೊಡ್ಡ ಪಾಲು ಈ ಗುಣದಲ್ಲೇ ಇದೆ. ಆದರೂ ಕಲಿಕೆಯಲ್ಲಿ ಹೆಚ್ಚು ಹೊತ್ತು ಸಲ್ಲುವುದು ಆಕಾರವನ್ನು ತಿದ್ದುವುದಕ್ಕೆ. ಆಕಾರವನ್ನು ಕನ್ನಡಿಯಲ್ಲಿ ನೋಡಿ ಸರಿಮಾಡಿಕೊಳ್ಳಬಹುದು. ಗುಣವನ್ನು ಒಳಗಿನಿಂದ ಅನುಭವಿಸಿಯೇ ಹಿಡಿಯಬೇಕು.

ಈ ಎರಡರ ನಡುವಿನ ಅಂತರ ಚಿದಂಬರದ ದೇವಾಲಯದ ಗೋಪುರಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯ ಹೇಳುವ 108 ಕರಣಗಳನ್ನು ಅಲ್ಲಿ ಕಲ್ಲಿನಲ್ಲಿ ಕಡೆದಿದ್ದಾರೆ. ಶಾಸ್ತ್ರದ ಪ್ರಕಾರ ಕರಣವೆಂದರೆ ಕೈಕಾಲುಗಳು ಕೂಡಿ ಮಾಡುವ ಕ್ರಿಯೆ. ಕಲ್ಲಿಗೆ ಮಾತ್ರ ಆ ಕ್ರಿಯೆಯ ಒಂದು ಗಳಿಗೆಯಷ್ಟೇ ದಕ್ಕುತ್ತದೆ. ಕರಣಗಳು ಭಂಗಿಗಳಲ್ಲ, ಚಲನೆಗಳು ಎಂದು ನರ್ತಕಿ, ಸಂಶೋಧಕಿ ಪದ್ಮಾ ಸುಬ್ರಹ್ಮಣ್ಯಂ ವಾದಿಸಿದ್ದರ ಮಹತ್ವ ಇಲ್ಲಿದೆ. ಎತ್ತಿದ ಕಾಲು ಎಷ್ಟು ಬೇಗ ಎದ್ದಿತು, ಎಷ್ಟು ಭಾರದಿಂದ ನೆಲಕ್ಕೆ ಬಂತು ಎಂಬುದು ಶಿಲ್ಪದಲ್ಲಿ ಇಲ್ಲ. ಹಾಗೆಂದು ಗುಣದ ಬಗ್ಗೆ ಶಾಸ್ತ್ರ ಸುಮ್ಮನಿರಲಿಲ್ಲ. ಕೈಶಿಕೀ ವೃತ್ತಿಯ ಕೋಮಲತೆಯನ್ನೂ ಆರಭಟೀ ವೃತ್ತಿಯ ಅಬ್ಬರವನ್ನೂ ಅದು ಬೇರ್ಪಡಿಸಿತು. ಉದ್ಧತ ಮತ್ತು ಸುಕುಮಾರ ಎಂಬ ಭೇದ ಮುಂದೆ ತಾಂಡವ, ಲಾಸ್ಯಗಳ ಚರ್ಚೆಯಲ್ಲಿ ಬೆಳೆಯಿತು. ಆದರೆ ಕೋಮಲತೆ ದೇಹದಲ್ಲಿ ಹುಟ್ಟುವುದು ಹೇಗೆ ಎಂಬುದು ಬರಹಕ್ಕಿಂತ ಹೆಚ್ಚಾಗಿ ಗುರುವಿನ ಮೈಯಿಂದ ಶಿಷ್ಯರ ಮೈಗೆ ದಾಟಿಕೊಂಡು ಬಂದ ತಿಳಿವಳಿಕೆ.

ಚಲನೆಯ ಗುಣವನ್ನು ಬಿಡಿಸಿ ನೋಡುವ ಒಂದು ವಿಧಾನವನ್ನು ಇಪ್ಪತ್ತನೆಯ ಶತಮಾನದಲ್ಲಿ ರೂಪಿಸಿದವರು ರುಡಾಲ್ಫ್ ಲಾಬಾನ್ (1879–1958). ಈಗಿನ ಬ್ರಾಟಿಸ್ಲಾವಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ಹೆಸರಾದ ಇವರು 1928ರಲ್ಲಿ ಪ್ರಕಟಿಸಿದ ನೃತ್ಯಲಿಪಿ ಅಂಗ, ದಿಕ್ಕು, ಅವಧಿಗಳನ್ನು ದಾಖಲಿಸುತ್ತಿತ್ತು. 1938ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್ ಸೇರಿದ ಮೇಲೆ, ಯುದ್ಧದ ದಿನಗಳಲ್ಲಿ ಎಫ್. ಸಿ. ಲಾರೆನ್ಸ್ ಎಂಬ ಕೈಗಾರಿಕಾ ಸಲಹೆಗಾರರ ಜತೆಗೂಡಿ ಕಾರ್ಖಾನೆಗಳಲ್ಲಿ ಕೆಲಸಗಾರರ ಚಲನೆಯನ್ನು ಗಮನಿಸಿದರು. ಒಂದೇ ಕೆಲಸವನ್ನು ಒಬ್ಬರು ಬಿಗಿಹಿಡಿದು ದಣಿಯುತ್ತಾ, ಇನ್ನೊಬ್ಬರು ತೂಗಾಟದ ಬಲ ಬಳಸಿ ಸಲೀಸಾಗಿ ಮಾಡುವುದುಂಟು. ಆ ಗಮನಿಕೆಯಿಂದ ಬಂದ ಇಬ್ಬರ ಪುಸ್ತಕ ‘ಎಫರ್ಟ್’ 1947ರಲ್ಲಿ ಹೊರಬಂತು. ಮರುವರ್ಷ ಶಾಲೆಯ ನೃತ್ಯಶಿಕ್ಷಣದ ಬಗ್ಗೆ ಲಾಬಾನ್ ಬರೆದ ಪುಸ್ತಕವೂ ಬಂದಿತು.

ಲಾಬಾನ್ ಕಂಡಂತೆ ಪ್ರತಿ ಚಲನೆಯಲ್ಲೂ ನಾಲ್ಕು ಅಂಶಗಳು ಬೆರೆತಿರುತ್ತವೆ. ಭಾರದಲ್ಲಿ ಬಲವಾದದ್ದು, ಹಗುರಾದದ್ದು. ಕಾಲದಲ್ಲಿ ಥಟ್ಟನೆ ಆಗುವುದು, ನಿಡಿದಾಗಿ ಎಳೆಯುವುದು. ದಿಕ್ಕಿನಲ್ಲಿ ನೇರ ಗುರಿಯಿಟ್ಟು ಹೋಗುವುದು, ಬಳಸಿಕೊಂಡು ಹೋಗುವುದು. ಹರಿವಿನಲ್ಲಿ ಯಾವ ಗಳಿಗೆಯಲ್ಲೂ ನಿಲ್ಲಿಸಬಹುದಾದಷ್ಟು ಹಿಡಿತವಿರುವುದು, ತಡೆಯಿಲ್ಲದೆ ಸಾಗುವುದು. ಮೊದಲ ಮೂರನ್ನು ಕೂಡಿಸಿದರೆ ಎಂಟು ಮೂಲಕ್ರಿಯೆಗಳಾಗುತ್ತವೆ. ಬಲ, ಥಟ್ಟನೆ, ನೇರ ಸೇರಿದರೆ ಗುದ್ದುವುದು; ಥಟ್ಟನೆಯ ಜಾಗದಲ್ಲಿ ನಿಡಿದು ಬಂದರೆ ಒತ್ತುವುದು. ಬಲ ಉಳಿದು ದಾರಿ ಬಳಸಾದರೆ, ಬೇಗನೆ ಆದದ್ದು ಬೀಸಿ ಹೊಡೆಯುವುದು, ನಿಧಾನವಾದದ್ದು ಹಿಂಡುವುದು. ಹಗುರದ ಬದಿಯಲ್ಲಿ ತಟ್ಟುವುದು, ಜಾರುವುದು, ಕೊಡವುವುದು, ತೇಲುವುದು ಇವೆ. ಇವೆಲ್ಲ ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಬಳಿ, ಗದ್ದೆಯಲ್ಲಿ ದಿನವೂ ನಡೆಯುವ ಕ್ರಿಯೆಗಳು. ಹೀಗಾಗಿ ಮಕ್ಕಳಿಗೆ ಈ ಪಾಠ ಸುಲಭವಾಗಿ ಹಿಡಿಸುತ್ತದೆ: ಒದ್ದೆ ಸೀರೆ ಹಿಂಡಿ ಗೊತ್ತಿರುವ ಮಗು ಬೆನ್ನನ್ನೂ ಭುಜವನ್ನೂ ಹಿಂಡುವಂತೆ ತಿರುಚಲು ಬೇಗ ಕಲಿಯುತ್ತದೆ.

ಕಲಿಯುವವರು ಸಾಮಾನ್ಯವಾಗಿ ಬೆರೆಸಿಬಿಡುವುದು ವೇಗವನ್ನೂ ಬಲವನ್ನೂ. ಜೋರಾಗಿ ಮಾಡು ಎಂದರೆ ಬೇಗ ಮಾಡುತ್ತಾರೆ, ನಿಧಾನ ಎಂದರೆ ಸಡಿಲಾಗುತ್ತಾರೆ. ಇವೆರಡೂ ಬೇರೆ ಎಂಬುದಕ್ಕೆ ಯಕ್ಷಗಾನದಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ತೆಂಕುತಿಟ್ಟಿನ ಬಣ್ಣದ ವೇಷ ತೆರೆಯ ಹಿಂದಿನಿಂದ ಸ್ವಲ್ಪಸ್ವಲ್ಪವೇ ಕಾಣಿಸಿಕೊಳ್ಳುತ್ತದೆ. ಅದರ ಹೆಜ್ಜೆ ನಿಧಾನ, ಆದರೆ ಒಂದೊಂದು ಹೆಜ್ಜೆಯೂ ನೆಲವನ್ನು ಅಮುಕುತ್ತದೆ. ರಾಕ್ಷಸನ ಭಯಂಕರತೆ ಇರುವುದು ಆ ಅವಸರವಿಲ್ಲದ ಭಾರದಲ್ಲಿ. ಅದೇ ರಂಗಕ್ಕೆ ಅಭಿಮನ್ಯು ಅಥವಾ ಬಭ್ರುವಾಹನನಾಗಿ ಪುಂಡುವೇಷ ನುಗ್ಗಿದಾಗ ಎಲ್ಲವೂ ತಿರುವುಮುರುವಾಗುತ್ತದೆ: ಚುರುಕು ಕಾಲು, ನೆಲ ತಾಗಿದ್ದೇ ತಡ ಮತ್ತೆ ಪುಟಿಯುವ ಮೈ, ಒಂದರ ಹಿಂದೆ ಒಂದು ದಿಗಿಣವೆಂಬ ಸುತ್ತುಜಿಗಿತ. ಬಡಗುತಿಟ್ಟಿನಲ್ಲಿ ಮಂಡಿ ಹಾಕಿ ಸುತ್ತುವಾಗ ಇದೇ ಚುರುಕು ನೆಲಮಟ್ಟಕ್ಕೆ ಇಳಿಯುತ್ತದೆ. ಒಬ್ಬ ಕಲಾವಿದ ಬೇಗ ಕುಣಿದೂ ಹಗುರಾಗಿರಬಲ್ಲ, ಮೆಲ್ಲಗೆ ನಡೆದೂ ಭಾರವಾಗಿರಬಲ್ಲ. ಪಾತ್ರ ಹುಟ್ಟುವುದು ಈ ಆಯ್ಕೆಯಲ್ಲಿ.

ಗುಣವನ್ನು ಗುರುತಿಸುವ ಇನ್ನೊಂದು ಬಗೆ ಅಮೆರಿಕದ ಆಧುನಿಕ ನೃತ್ಯದ ಪಾಠಗಳಲ್ಲಿ ಬಳಕೆಗೆ ಬಂತು. ಅಲ್ಲಿ ಚಲನೆಯನ್ನು ಎಡೆಬಿಡದೆ ಸಾಗುವುದು, ಬಡಿತದಂಥದ್ದು, ತೂಗುವುದು, ಕಂಪಿಸುವುದು, ಗಾಳಿಯಲ್ಲಿ ನಿಲ್ಲುವುದು, ಕುಸಿಯುವುದು ಎಂದು ವಿಂಗಡಿಸುತ್ತಾರೆ. ಇವುಗಳಲ್ಲಿ ತೂಗಾಟ ವಿಶೇಷವಾದದ್ದು, ಏಕೆಂದರೆ ಅದರಲ್ಲಿ ಅರ್ಧ ಕೆಲಸ ಗುರುತ್ವದ್ದು. ಕೈಯನ್ನು ಬೀಳಲು ಬಿಟ್ಟರೆ ವೇಗ ತಾನಾಗಿ ಕೂಡಿಕೊಳ್ಳುತ್ತದೆ, ಆ ವೇಗವೇ ಅದನ್ನು ಇನ್ನೊಂದು ಬದಿಗೆ ಮೇಲಕ್ಕೆ ಒಯ್ಯುತ್ತದೆ. ಬೀಳುವ ಭಾಗವನ್ನು ಸ್ನಾಯುಬಲದಿಂದ ತಳ್ಳಿದರೆ ತೂಗಾಟ ಸತ್ತುಹೋಗುತ್ತದೆ. ಮಲೆ ಮಹದೇಶ್ವರನ ಭಕ್ತರ ಬೀಸು ಕಂಸಾಳೆಯಲ್ಲಿ ದಾರಕ್ಕೆ ಕಟ್ಟಿದ ಕಂಚಿನ ತಾಳ ತಿರುಗಿ ಬಂದು ಬಟ್ಟಲನ್ನು ತಾಗುವ ಹೊತ್ತನ್ನು ಕಲಾವಿದನ ಹಟ ತೀರ್ಮಾನಿಸಲಾರದು, ಬೀಸಿನ ಉದ್ದ ಮತ್ತು ವೇಗ ತೀರ್ಮಾನಿಸುತ್ತವೆ. ಮೈಯೆಲ್ಲ ಅದಕ್ಕೆ ಹೊಂದಿಕೊಂಡಾಗ ಮಾತ್ರ ಲಯ ಕೂಡುತ್ತದೆ.

ಬೀಳುವಿಕೆ ಮತ್ತು ಚೇತರಿಕೆಯ ಮೇಲೆಯೇ ತಮ್ಮ ನೃತ್ಯಪದ್ಧತಿಯನ್ನು ಕಟ್ಟಿದವರು ಡೋರಿಸ್ ಹಂಫ್ರಿ (1895–1958). ನೆಟ್ಟಗೆ ಸ್ಥಿರವಾಗಿ ನಿಂತ ದೇಹದಲ್ಲೂ ನೆಲಕ್ಕೆ ಒರಗಿದ ದೇಹದಲ್ಲೂ ಅವರಿಗೆ ನಾಟಕ ಕಾಣಲಿಲ್ಲ; ಸಮತೋಲ ತಪ್ಪಿ ಮತ್ತೆ ಸಿಕ್ಕುವ ನಡುವಿನ ಅವಧಿಯಲ್ಲಿ ಕಂಡಿತು. 1928ರ ‘ವಾಟರ್ ಸ್ಟಡಿ’ ಎಂಬ ಅವರ ಸಮೂಹನೃತ್ಯಕ್ಕೆ ಸಂಗೀತವೇ ಇರಲಿಲ್ಲ. ನರ್ತಕಿಯರ ಉಸಿರಿನ ಲಯದಲ್ಲೇ ಅಲೆ ಏಳುತ್ತಿತ್ತು, ಒಡೆಯುತ್ತಿತ್ತು. ಉಸಿರಿಗೂ ಗುಣಕ್ಕೂ ಇರುವ ನಂಟು ಅಷ್ಟು ಗಾಢ: ಉಸಿರೆಳೆದಾಗ ಎದೆಗೂಡು ಏರಿ ಮೈ ಹಗುರಾಗುತ್ತದೆ, ಬಿಟ್ಟಾಗ ಭಾರ ಇಳಿಯುತ್ತದೆ, ಹಿಡಿದಾಗ ಹರಿವು ಬಿಗಿಯುತ್ತದೆ.

ಗಾಳಿಯಲ್ಲಿ ನಿಲ್ಲುವುದರಲ್ಲಿ ಒಂದು ಸೊಗಸಾದ ಭ್ರಮೆಯೂ ಇದೆ. ಜಿಗಿದ ದೇಹದ ಗುರುತ್ವಕೇಂದ್ರ ಎಸೆದ ಕಲ್ಲಿನಂತೆಯೇ ಬಾಗುದಾರಿಯಲ್ಲಿ ಏರಿ ಇಳಿಯುತ್ತದೆ. ಅದನ್ನು ಯಾರೂ ತಪ್ಪಿಸಲಾರರು. ಆದರೆ ಬ್ಯಾಲೆಯ ಗ್ರಾಂ ಜೆತೆ ಎಂಬ ದೊಡ್ಡ ಜಿಗಿತದಲ್ಲಿ ನರ್ತಕರು ಜಿಗಿತದ ತುದಿಯ ಹೊತ್ತಿಗೆ ಕೈಕಾಲುಗಳನ್ನು ಮೇಲೆತ್ತುತ್ತಾರೆ. ಆಗ ಗುರುತ್ವಕೇಂದ್ರ ದೇಹದೊಳಗೆ ಸ್ವಲ್ಪ ಮೇಲಕ್ಕೆ ಸರಿಯುವುದರಿಂದ ತಲೆ ಕೆಲವು ಗಳಿಗೆ ಒಂದೇ ಎತ್ತರದಲ್ಲಿ ಸಾಗುತ್ತದೆ. ನೋಡುವ ಕಣ್ಣು ತಲೆಯನ್ನು ಹಿಂಬಾಲಿಸುತ್ತದೆ, ನರ್ತಕಿ ತೇಲಿದಳು ಎಂದು ನಂಬುತ್ತದೆ.

ಪ್ರತಿ ಪರಂಪರೆಗೂ ತನ್ನ ಒಲವಿನ ಗುಣಗಳಿವೆ. ಮಣಿಪುರಿಯ ರಾಸದಲ್ಲಿ ಪಾದ ನೆಲವನ್ನು ಬಡಿಯುವುದಿಲ್ಲ, ಮೆಲ್ಲಗೆ ತಾಗುತ್ತದೆ. ಚಲನೆಗೆ ಎದ್ದುಕಾಣುವ ಮೊದಲು ಕೊನೆಗಳಿಲ್ಲ. ಮೋಹಿನಿಯಾಟ್ಟಂನ ಮೈ ಓಲಾಡುತ್ತಾ ಸಾಗುತ್ತದೆ. ಕಥಕ್‌ನ ಚಕ್ಕರುಗಳು ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಒಮ್ಮೆಲೇ ನಿಂತಾಗಿನ ಸೊಬಗು ಬಿಟ್ಟ ಹರಿವು ಕ್ಷಣದಲ್ಲಿ ಹಿಡಿತಕ್ಕೆ ಬರುವುದರಲ್ಲಿದೆ. ಭರತನಾಟ್ಯದ ವರ್ಣವಂತೂ ಗುಣಗಳ ದೊಡ್ಡ ಪರೀಕ್ಷೆ. ಜತಿಗಳಲ್ಲಿ ಅರೆಮಂಡಿಯ ಗೆರೆ ನೇರ, ತಟ್ಟು ಖಚಿತ; ಅದು ಮುಗಿದ ಮರುಗಳಿಗೆಯಲ್ಲೇ ನಾಯಿಕೆಯ ವಿರಹಕ್ಕೆ ಕೈ ಕರಗಬೇಕು. ಹೆಜ್ಜೆ ತಪ್ಪದೆಯೂ ಈ ದಾಟುವಿಕೆಯಲ್ಲಿ ಸೋಲುವ ಪ್ರದರ್ಶನಗಳು ಬಹಳ. ಜತಿಯ ಬಿಗುವು ಭುಜದಲ್ಲಿ ಉಳಿದುಬಿಟ್ಟರೆ ವಿರಹಿಣಿಯೂ ಯೋಧೆಯಂತೆ ಕಾಣುತ್ತಾಳೆ.

ಅಭ್ಯಾಸಕ್ಕೆ ಹಳೆಯ ಪದ್ಧತಿಯೇ ಒಳ್ಳೆಯ ದಾರಿ ಕೊಟ್ಟಿದೆ. ಭರತನಾಟ್ಯದ ಮೂಲ ಹೆಜ್ಜೆಗಳಾದ ಅಡವುಗಳನ್ನು ಮೂರು ಕಾಲಗಳಲ್ಲಿ ಮಾಡಿಸುವುದು ಬರೀ ವೇಗದ ಕಸರತ್ತಲ್ಲ. ಮೂರನೆಯ ಕಾಲದಲ್ಲೂ ತಟ್ಟಿನ ಸ್ಪಷ್ಟತೆ ಕೆಡಬಾರದು, ಮೊದಲ ಕಾಲದಲ್ಲೂ ಮೈ ಜಡವಾಗಬಾರದು. ವಾಸ್ತವವಾಗಿ ಮೊದಲ ಕಾಲವೇ ಕಷ್ಟ. ಎತ್ತಿದ ಕೈಯನ್ನು ಮೆಲ್ಲಗೆ ಇಳಿಸುವಾಗ ಭುಜದ ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆದುಕೊಂಡಿರಬೇಕು, ಆ ತಡೆ ಎಲ್ಲೂ ಕಡಿಯಬಾರದು. ಇದಕ್ಕೆ ಇನ್ನೊಂದು ಅಭ್ಯಾಸ ಸೇರಿಸಬಹುದು: ಒಂದೇ ಅಡವನ್ನು ಕಾಲ ಬದಲಿಸದೆ, ಮೊದಲು ಹಗುರವಾಗಿ, ಆಮೇಲೆ ಭಾರವಾಗಿ, ಕೊನೆಗೆ ಕೈ ಹಗುರ, ಕಾಲು ಭಾರವಾಗಿ ಮಾಡುವುದು. ಈ ಕೊನೆಯದು ಬಂದರೆ ಗುಣ ನರ್ತಕರ ಅಂಕೆಗೆ ಬಂದಂತೆ.

ನೃತ್ಯ ಸಂಯೋಜಿಸುವವರಿಗೆ ಗುಣವೆಂದರೆ ಮುಖ್ಯವಾಗಿ ವ್ಯತ್ಯಾಸ. ಹತ್ತು ನಿಮಿಷ ಬರೀ ಅಬ್ಬರವಿದ್ದರೆ ಮೂರನೆಯ ನಿಮಿಷಕ್ಕೆ ಅಬ್ಬರ ಕೇಳಿಸದಂತಾಗುತ್ತದೆ. ಅಬ್ಬರಕ್ಕೆ ಮೊದಲು ಒಂದು ನಿಡಿದಾದ ನಿಲುವು ಬೇಕು. ಸಂಗೀತದ ಗುಣವನ್ನೇ ಮೈ ನಕಲು ಮಾಡಬೇಕೆಂದೂ ಇಲ್ಲ. ಮೃದಂಗ ಚುರುಕಾಗಿ ನುಡಿಯುತ್ತಿರುವಾಗ ಕಣ್ಣು ಮತ್ತು ಕತ್ತು ಮಾತ್ರ ನಿಧಾನವಾಗಿ ತಿರುಗಿದರೆ, ಪಾತ್ರದ ಒಳಗಿನ ಕಾಲ ಹೊರಗಿನ ಕಾಲಕ್ಕಿಂತ ಬೇರೆಯಾಗಿದೆ ಎಂಬುದು ಸಭೆಗೆ ತಿಳಿಯುತ್ತದೆ. ಗುಂಪಿನಲ್ಲಿ ಒಂದೇ ಹೆಜ್ಜೆಯನ್ನು ಅರ್ಧ ಜನ ಜಾರಿಸಿ, ಅರ್ಧ ಜನ ಗುದ್ದಿ ಮಾಡಿದರೆ ಎರಡು ಪಕ್ಷಗಳು ಕಾಣಿಸುತ್ತವೆ.

ನೆಲ ಮತ್ತು ಉಡುಪಿನ ಲೆಕ್ಕವನ್ನೂ ಇದರ ಜತೆಗೇ ಹಾಕಬೇಕು. ಸೊಂಟಕ್ಕೆ ಬಿಗಿದ ಡೊಳ್ಳು ಕುಣಿಯುವವರ ಭಾರವನ್ನು ಕೆಳಕ್ಕೆ ಸೆಳೆಯುತ್ತದೆ, ಅವರ ಜಿಗಿತದ ಸ್ವಭಾವವನ್ನೇ ಬದಲಿಸುತ್ತದೆ. ದೊಡ್ಡ ಕಿರೀಟ ಹೊತ್ತವರ ತಲೆ ಥಟ್ಟನೆ ತಿರುಗಲಾರದು. ಮರದ ಹಲಗೆ ತಟ್ಟಿದ ಪಾದಕ್ಕೆ ಸ್ವಲ್ಪ ಬಗ್ಗಿಕೊಟ್ಟು ಪೆಟ್ಟಿನ ಒಂದಂಶವನ್ನು ತಾನು ನುಂಗುತ್ತದೆ. ಕಾಂಕ್ರೀಟು ಅಥವಾ ಗ್ರಾನೈಟು ಬಗ್ಗುವುದಿಲ್ಲ, ಅಲ್ಲಿ ಪ್ರತಿ ತಟ್ಟೂ ಹಿಮ್ಮಡಿಗೆ, ಮೊಣಕಾಲಿಗೆ, ಸೊಂಟಕ್ಕೆ ಮರಳುತ್ತದೆ. ಹೀಗಾಗಿ ಗಟ್ಟಿ ನೆಲದ ತರಗತಿಯಲ್ಲಿ ಬಲದ ಅಭ್ಯಾಸದ ಅವಧಿಯನ್ನು ಮೊಟಕುಗೊಳಿಸಿ, ಹಗುರದ ಮತ್ತು ನಿಧಾನದ ಅಭ್ಯಾಸಕ್ಕೆ ಹೆಚ್ಚು ಸಮಯ ಕೊಡುವುದು ಸರಿ.