ಪಂಪು ಬದಲಿಸುವ ಮೊದಲು ಒತ್ತಡ ನೋಡಿ

ಕಾರು ಈಗ ಪಟ್ಟಣದವರದೇ ಸೊತ್ತಲ್ಲ. ನಮ್ಮ ತಾಳವಾಡಿ ಕಡೆಯ ಹಳ್ಳಿಗಳಲ್ಲೂ ಕೈ ಬದಲಾದ ಹಳೆಯ ಕಾರುಗಳಿವೆ. ಆಸ್ಪತ್ರೆಗೆಂದು ಸತ್ಯಮಂಗಲಕ್ಕೋ ಚಾಮರಾಜನಗರಕ್ಕೋ ಹೋಗಬೇಕಾದರೆ ಅವೇ ಆಧಾರ. ಇಂಥ ಕಾರು ಬಣ್ಣಾರಿಯಿಂದ ದಿಂಬಂವರೆಗಿನ 27 ತಿರುವುಗಳ ಘಟ್ಟದಲ್ಲಿ ಮುಗ್ಗರಿಸಿ ನಿಂತರೆ ಸುತ್ತಲೂ ಕಾಡು. ಹೇಗೋ ವರ್ಕ್‌ಷಾಪಿಗೆ ಮುಟ್ಟಿಸಿದರೆ, "ಪಂಪು ಹೋಗಿದೆ, ಬದಲಿಸಬೇಕು" ಎಂಬ ಮಾತು ಬರುವುದುಂಟು. ಅದು ಸಾವಿರಾರು ರೂಪಾಯಿಯ ಮಾತು. ಹಣ ಕೊಟ್ಟ ಮೇಲೂ ತೊಂದರೆ ಹಾಗೇ ಉಳಿದರೆ? ಆದ್ದರಿಂದ ಪೆಟ್ರೋಲಿನ ಒತ್ತಡ ಎಂದರೇನು, ಅದರ ದೋಷವನ್ನು ಪತ್ತೆ ಮಾಡುವುದು ಹೇಗೆ ಎಂಬುದನ್ನು ಇಂದು ನೋಡೋಣ.

1983ರಲ್ಲಿ ಬಂದ ಮಾರುತಿ 800ರಂಥ ಕಾರ್ಬುರೇಟರ್ ಕಾರುಗಳಿಗೆ ಬಹಳ ಕಡಿಮೆ ಒತ್ತಡ ಸಾಕಾಗಿತ್ತು. ಆಮೇಲೆ ಬಂದ ಇಂಜೆಕ್ಟರ್ ಇರುವ ಕಾರುಗಳ ಕ್ರಮ ಬೇರೆ. ಟ್ಯಾಂಕಿನೊಳಗೇ ಒಂದು ವಿದ್ಯುತ್ ಪಂಪು. ಅದು ಪೆಟ್ರೋಲನ್ನು ಫಿಲ್ಟರ್ ಮೂಲಕ ಇಂಜೆಕ್ಟರ್‌ಗಳಿಗೆ ತಳ್ಳುತ್ತದೆ. ಒತ್ತಡವನ್ನು ಹದದಲ್ಲಿಡಲು ರೆಗ್ಯುಲೇಟರ್ ಇರುತ್ತದೆ. ಅನೇಕ ಕಾರುಗಳಲ್ಲಿ ಈ ಒತ್ತಡ ಸುಮಾರು 3 ಬಾರ್. ನಾವು ಟೈರಿಗೆ ಹಾಕಿಸುವ 30 ಪೌಂಡ್ ಗಾಳಿ ಸುಮಾರು 2 ಬಾರ್ ಎಂದರೆ ಅಂದಾಜು ಸಿಕ್ಕೀತು. ನಿಮ್ಮ ಕಾರಿನ ಸರಿಯಾದ ಅಂಕಿ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ.

ತೋಟದ ಮೋಟಾರಿನ ಅನುಭವ ಉಳ್ಳವರಿಗೆ ಇದು ಕಷ್ಟವಲ್ಲ. ಹನಿ ನೀರಾವರಿಯ ಕೊನೆಯ ಸಾಲಿಗೆ ನೀರು ಬಾರದಿದ್ದರೆ ತಕ್ಷಣ ಮೋಟಾರು ಬಿಚ್ಚುತ್ತೇವೆಯೆ? ಕರೆಂಟು ಸರಿಯಿದೆಯೆ, ಫಿಲ್ಟರ್ ಕಟ್ಟಿದೆಯೆ, ಪೈಪು ಸೋರುತ್ತಿದೆಯೆ ಎಂದು ಮೊದಲು ನೋಡುತ್ತೇವೆ. ಕಾರಿಗೂ ಅದೇ ಕ್ರಮ.

ಮೊದಲು ಕಿವಿಗೊಡಿ. ಕೀ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡು 'ಗುಂಯ್' ಎಂಬ ಸದ್ದು ಬರುತ್ತದೆ. ಬಾರದಿದ್ದರೆ ಫ್ಯೂಸ್, ರಿಲೇ, ವೈರಿನ ಕನೆಕ್ಷನ್ ಇವನ್ನು ಪರೀಕ್ಷಿಸಿ. ಕೆಲವೇ ರೂಪಾಯಿಯ ಫ್ಯೂಸ್ ಸುಟ್ಟಿದ್ದರೆ ಪಂಪಿನ ತಪ್ಪೇನು? ಪಂಪಿಗೆ ಬ್ಯಾಟರಿಯ ಪೂರ್ಣ ವೋಲ್ಟೇಜ್ ಸಿಗದಿದ್ದರೂ ಒಳ್ಳೆಯ ಪಂಪೇ ಸೋತಂತೆ ಕಾಣುತ್ತದೆ.

ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ, ಆದರೆ ಕೀಯನ್ನು ಎರಡು ಮೂರು ಸಲ ಆನ್-ಆಫ್ ಮಾಡಿ ಹೊಡೆದರೆ ಬೇಗ ಸ್ಟಾರ್ಟ್ ಆಗುತ್ತದೆ ಎನ್ನಿ. ಆಗ ರಾತ್ರಿಯೆಲ್ಲ ಒತ್ತಡ ಇಳಿದುಹೋಗಿದೆ ಎಂಬ ಅನುಮಾನ ಬರಬೇಕು. ಬಾವಿ ಮೋಟಾರಿನ ಫುಟ್‌ವಾಲ್ವ್ ಸೋರಿದಂತೆಯೇ ಇದು. ಸಮತಟ್ಟಿನಲ್ಲಿ ಓಡುವ ಕಾರು ಏರಿನಲ್ಲಿ ಜರ್ಕ್ ಹೊಡೆದರೆ ಫಿಲ್ಟರ್ ಕಟ್ಟಿರಬಹುದು, ಇಲ್ಲವೆ ಪಂಪು ದುರ್ಬಲವಾಗಿರಬಹುದು. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮೈಲೇಜು ಇಳಿಕೆ ಒಟ್ಟಿಗೆ ಕಂಡರೆ ಒತ್ತಡ ಹೆಚ್ಚಾಗಿರುವ ಸಂಭವವಿದೆ. ಆಗ ರೆಗ್ಯುಲೇಟರ್ ನೋಡಿಸಿ.

ಇವೆಲ್ಲ ಸೂಚನೆಗಳು ಮಾತ್ರ. ಪ್ಲಗ್ ಕೆಟ್ಟರೂ ಕಾರು ಜರ್ಕ್ ಹೊಡೆಯುತ್ತದೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಲೆಡ್ಜರನ್ನೇ ಬದಲಿಸುತ್ತಿರಲಿಲ್ಲ. ವೋಚರುಗಳನ್ನು ಒಂದೊಂದಾಗಿ ನೋಡಿ ತಪ್ಪನ್ನು ಹಿಡಿಯುತ್ತಿದ್ದೆವು. ಇಲ್ಲಿ ಆ ಕೆಲಸ ಮಾಡುವುದು ಪ್ರೆಶರ್ ಗೇಜ್. ಅದನ್ನು ಜೋಡಿಸಿ ಮೂರು ಸಲ ನೋಡಬೇಕು: ಕೀ ಆನ್ ಮಾಡಿದಾಗ, ಎಂಜಿನ್ ಓಡುವಾಗ, ಎಂಜಿನ್ ನಿಲ್ಲಿಸಿದ ಮೇಲೆ. ನಿಲ್ಲಿಸಿದ ಕೂಡಲೇ ಮುಳ್ಳು ಸರ್ರನೆ ಕುಸಿದರೆ ಎಲ್ಲೋ ಸೋರಿಕೆ ಇದೆ. ನಿಂತಿದ್ದಾಗ ಸರಿಯಿದ್ದು, ಎಂಜಿನ್ನಿಗೆ ಭಾರ ಬಿದ್ದಾಗ ಇಳಿದರೆ ಫಿಲ್ಟರ್, ವೋಲ್ಟೇಜ್, ಪಂಪು ಈ ಕ್ರಮದಲ್ಲಿ ನೋಡುವುದು ಲೇಸು.

ಎಚ್ಚರಿಕೆಯ ಮಾತೊಂದಿದೆ. ಗೇಜ್ ಜೋಡಿಸುವ ಕೆಲಸವನ್ನು ಬಲ್ಲವರಿಗೇ ಬಿಡಿ. ಒತ್ತಡ ಇಳಿಸದೆ ಪೈಪು ಬಿಚ್ಚಿದರೆ ಪೆಟ್ರೋಲ್ ಚಿಮ್ಮಿ ಬಿಸಿ ಎಂಜಿನ್ ಮೇಲೆ ಬೀಳುತ್ತದೆ. ಹತ್ತಿರ ಬೀಡಿ, ದೀಪ ಬೇಡ. ಹೊಸ ಡೀಸೆಲ್ ಕಾಮನ್‌ರೈಲ್ ಕಾರುಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಸೂಜಿಯಷ್ಟು ಧಾರೆಯೂ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಅದರ ನಟ್ಟು ಸಡಿಲಿಸಿ ನೋಡಲು ಹೋಗಲೇಬೇಡಿ.

ಪಂಪು ಬಾಳಿಕೆ ಬರಲು ಟ್ಯಾಂಕನ್ನು ತೀರ ಬರಿದು ಮಾಡಬೇಡಿ. ಅನೇಕ ಕಾರುಗಳಲ್ಲಿ ಪಂಪಿಗೆ ತಂಪು ಕೊಡುವುದು ಸುತ್ತಲಿನ ಪೆಟ್ರೋಲೇ. ಹೇಳಿದ ಅವಧಿಗೆ ಫಿಲ್ಟರ್ ಬದಲಿಸಿ.

ಮೆಕ್ಯಾನಿಕ್ ತಮಿಳಿನವರಾಗಲಿ, ಕನ್ನಡದವರಾಗಲಿ, ಗೇಜಿನ ಅಂಕಿ ಇಬ್ಬರಿಗೂ ಒಂದೇ. "ಒತ್ತಡ ಎಷ್ಟು ಬಂತು, ಎಷ್ಟಿರಬೇಕಿತ್ತು?" ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಹಣ ಕೊಡಿ.