ಎಂಜಿನ್ನಿಗೆ ಜ್ವರವೋ, ಜ್ವರಮಾಪಕಕ್ಕೇ ಕಾಯಿಲೆಯೋ?

ಕೆರೆಯ ಹೂಳೆತ್ತುವಾಗ, ರಸ್ತೆ ಅಗಲ ಮಾಡುವಾಗ ಉದ್ದನೆಯ ಕೈ ಚಾಚಿ ಮಣ್ಣು ಬಗೆಯುವ ಯಂತ್ರವನ್ನು ನೀವು ನೋಡಿರುತ್ತೀರಿ. ಅದು ಎಕ್ಸ್‌ಕವೇಟರ್. ಯಾವ ಕಂಪನಿ ತಯಾರಿಸಿದ್ದರೂ ನಮ್ಮ ಹಳ್ಳಿಗಳಲ್ಲಿ ಅದನ್ನು 'ಹಿಟಾಚಿ' ಎನ್ನುವುದೇ ರೂಢಿ. ಅದರ ಡೀಸೆಲ್ ಎಂಜಿನ್ ಇದ್ದಕ್ಕಿದ್ದಂತೆ ಸೊರಗಿತು, ಚಾಲಕನ ಮುಂದಿನ ಪರದೆಯಲ್ಲಿ 110–3 ಎಂಬ ಅಂಕಿ ಮೂಡಿತು ಎಂದುಕೊಳ್ಳಿ. "ನೀರಿನ ಸೆನ್ಸರ್ ಹೋಗಿದೆ, ಹೊಸದು ಹಾಕಿಸಿ" ಎಂದರು ಯಾರೋ. ಹೊಸದು ಹಾಕಿದ್ದೂ ಆಯಿತು. ಅಂಕಿ ಮಾತ್ರ ಹೋಗಲಿಲ್ಲ! ಹಣವೂ ದಂಡ, ಒಂದು ದಿನದ ಕೆಲಸವೂ ದಂಡ. ಹೀಗೇಕಾಯಿತು?

ಈಗಿನ ಡೀಸೆಲ್ ಎಂಜಿನ್‌ಗಳಲ್ಲಿ ಎಷ್ಟು ಡೀಸೆಲ್ ಚಿಮ್ಮಿಸಬೇಕು, ಯಾವಾಗ ಚಿಮ್ಮಿಸಬೇಕು ಎಂಬುದನ್ನು ಒಂದು ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಅದಕ್ಕೆ ಕಣ್ಣಿಲ್ಲ, ಚರ್ಮವಿಲ್ಲ. ಎಂಜಿನ್ನನ್ನು ತಂಪಾಗಿಡುವ ನೀರಿನ ತಾಪ, ಆಯಿಲ್‌ನ ಒತ್ತಡ, ಒಳಗೆ ಬರುವ ಗಾಳಿಯ ತಾಪ, ಎಂಜಿನ್ ಸುತ್ತುವ ವೇಗ ಎಲ್ಲವನ್ನೂ ಅದಕ್ಕೆ ತಿಳಿಸುವುದು ಸಂವೇದಕಗಳು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಸೆನ್ಸರ್‌ಗಳು. ಬಂದ ಸುದ್ದಿ ಸರಿಯಿಲ್ಲ ಎನಿಸಿದರೆ ಕಂಪ್ಯೂಟರ್ ಒಂದು ದೋಷಸಂಖ್ಯೆಯನ್ನು ಬರೆದಿಡುತ್ತದೆ.

ಈ ಸಂಖ್ಯೆಗಳಿಗೆ ಅರ್ಥವಿದೆ. ಭಾರಿ ಯಂತ್ರಗಳಲ್ಲಿ ಬಳಕೆಯಲ್ಲಿರುವ ಜೆ1939 ಎಂಬ ಮಾನಕದ ಪ್ರಕಾರ ಮೊದಲ ಅಂಕಿ 'ಯಾವುದರ ಬಗ್ಗೆ ದೂರು' ಎಂದು ಹೇಳುತ್ತದೆ. 110 ಎಂದರೆ ತಂಪುಗೊಳಿಸುವ ನೀರಿನ ತಾಪ. 100 ಎಂದರೆ ಆಯಿಲ್ ಒತ್ತಡ. ಎರಡನೆಯ ಅಂಕಿ 'ದೂರು ಏನು' ಎಂದು ಹೇಳುತ್ತದೆ. ಅವಸರದಲ್ಲಿ ಜನ ಓದದೆ ಬಿಡುವುದು ಇದನ್ನೇ.

110–0 ಎಂದರೆ ನೀರು ನಿಜವಾಗಿಯೂ ಮಿತಿಮೀರಿ ಕಾದಿದೆ ಎಂದು ಸಂವೇದಕ ಹೇಳುತ್ತಿದೆ, ಕಂಪ್ಯೂಟರ್ ಅದನ್ನು ನಂಬಿದೆ. ಎಂಜಿನ್ನಿಗೆ ಜ್ವರ! ರೇಡಿಯೇಟರ್‌ಗೆ ಹೊಟ್ಟು, ಧೂಳು ಮೆತ್ತಿರಬಹುದು. ನೀರು ಸೋರಿರಬಹುದು. 110–3 ಹಾಗಲ್ಲ. 'ಈ ತಂತಿಯಲ್ಲಿ ಬರುತ್ತಿರುವ ವೋಲ್ಟ್ ಇರಬೇಕಾದ್ದಕ್ಕಿಂತ ಹೆಚ್ಚಾಗಿದೆ' ಎಂದಷ್ಟೇ ಅದರ ಅರ್ಥ. ಕೊನೆಯಲ್ಲಿ 4 ಇದ್ದರೆ ವೋಲ್ಟ್ ಕಡಿಮೆಯಾಗಿದೆ ಎಂದು. ಇಲ್ಲಿ ಕಾಯಿಲೆ ಜ್ವರಮಾಪಕದ ಕಡೆಗಿದೆ. ಆದರೆ ಸಂವೇದಕ, ಅದರ ತಂತಿ, ತಂತಿಯ ಕೊಂಡಿ ಇವುಗಳಲ್ಲಿ ಯಾವುದಕ್ಕೆ? ಅದನ್ನು ಅಂಕಿ ಹೇಳುವುದಿಲ್ಲ.

ನೀರಿನ ತಾಪ ಅಳೆಯುವ ಸಂವೇದಕದ ಒಳಗೆ ಥರ್ಮಿಸ್ಟರ್ ಎಂಬ ಪುಟ್ಟ ಮಣಿಯಿದೆ. ಲೋಹದ ತಂತಿ ಬಿಸಿಯಾದರೆ ವಿದ್ಯುತ್ತಿಗೆ ಅದು ಒಡ್ಡುವ ರೋಧ ಹೆಚ್ಚುತ್ತದೆ. ಈ ಮಣಿಯದು ತದ್ವಿರುದ್ಧ ಸ್ವಭಾವ. ಬಿಸಿಯಾದಷ್ಟೂ ರೋಧ ಇಳಿಯುತ್ತದೆ. ಒಂದು ಬಗೆಯ ಸಂವೇದಕದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ರೋಧ ಸುಮಾರು 2,500 ಓಮ್ ಇದ್ದರೆ, 100 ಡಿಗ್ರಿಯಲ್ಲಿ 200 ಓಮ್ ಕೂಡ ಇರುವುದಿಲ್ಲ. ಇಂಥ ಗುಣವನ್ನು ಬೆಳ್ಳಿಯ ಸಲ್ಫೈಡ್‌ನಲ್ಲಿ ಮೈಕೇಲ್ ಫ್ಯಾರಡೆ 1833ರಷ್ಟು ಹಿಂದೆಯೇ ಗಮನಿಸಿದ್ದರು.

ಕಂಪ್ಯೂಟರ್ ಈ ಮಣಿಯ ಕಡೆಗೆ 5 ವೋಲ್ಟ್ ಕಳಿಸಿ, ತಂತಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತದೆ. ಗಿಡಗಳಿಗೆ ನೀರು ಹಾಯಿಸುವ ಪೈಪನ್ನು ನೆನೆಯಿರಿ. ಬಾಯಿಯನ್ನು ಹೆಬ್ಬೆರಳಿನಿಂದ ಅದುಮಿದರೆ ಪೈಪಿನೊಳಗೆ ಒತ್ತಡ ಏರುತ್ತದೆ, ಬೆರಳು ಸಡಿಲಿಸಿದರೆ ಇಳಿಯುತ್ತದೆ. ಥರ್ಮಿಸ್ಟರ್ ಆ ಹೆಬ್ಬೆರಳಿದ್ದಂತೆ. ತಣ್ಣಗಿದ್ದಾಗ ಬಿಗಿ ಹಿಡಿತ, ವೋಲ್ಟ್ ಹೆಚ್ಚು. ಬಿಸಿಯಾದಾಗ ಸಡಿಲ, ವೋಲ್ಟ್ ಕಡಿಮೆ.

ತಂತಿ ತುಂಡಾದರೆ? ಪೈಪಿನ ಬಾಯಿ ಪೂರ್ತಿ ಮುಚ್ಚಿದಂತೆ. ಇಡೀ 5 ವೋಲ್ಟ್ ಹಾಗೆಯೇ ಉಳಿಯುತ್ತದೆ. ಅದನ್ನು ನಂಬುವುದಾದರೆ ಎಂಜಿನ್ ಹಿಮಕ್ಕಿಂತ ತಣ್ಣಗೆ ಕೊರೆಯುತ್ತಿರಬೇಕು! ರಾಯಚೂರಿನ ಬಿಸಿಲಿನಲ್ಲಿ ಅದು ಸಾಧ್ಯವೇ? ಕಂಪ್ಯೂಟರ್ ಮೋಸಹೋಗುವುದಿಲ್ಲ, 110–3 ಎಂದು ಬರೆಯುತ್ತದೆ.

ಈಗ ಮೆಕ್ಯಾನಿಕ್ ಏನು ಮಾಡುತ್ತಾರೆ? ಜಾಣ ಮೆಕ್ಯಾನಿಕ್ ಮೊದಲು ಕಣ್ಣಿನಿಂದ ನೋಡುತ್ತಾರೆ. ಯಂತ್ರದ ಅದುರುವಿಕೆಗೆ ತಂತಿ ಉಜ್ಜಿ ಸವೆದಿದೆಯೇ, ಇಲಿ ಕಡಿದಿದೆಯೇ, ಕೊಂಡಿಯೊಳಗೆ ಕೆಸರು ನೀರು ಸೇರಿ ಹಸಿರು ಕಿಲುಬು ಹಿಡಿದಿದೆಯೇ? ಎಷ್ಟೋ ಸಲ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಸಂವೇದಕದ ಕೊಂಡಿ ಕಳಚಿ, ಅದರ ಎರಡು ತಂತಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸುತ್ತಾರೆ. ಪೈಪಿನಿಂದ ಬೆರಳನ್ನು ಪೂರ್ತಿ ತೆಗೆದಂತೆ ಇದು. ವೋಲ್ಟ್ ಸೊನ್ನೆಯ ಹತ್ತಿರ ಇಳಿಯಬೇಕು, 110–3 ಹೋಗಿ 110–4 ಬರಬೇಕು. ಬಂದರೆ ತಂತಿಯೂ ಕಂಪ್ಯೂಟರೂ ಸರಿಯಿವೆ, ಕೆಟ್ಟಿರುವುದು ಸಂವೇದಕವೇ. ಬದಲಾಗದೆ 3 ಎಂದೇ ಹಟ ಹಿಡಿದರೆ ನಡುವೆ ಎಲ್ಲೋ ತಂತಿ ತುಂಡಾಗಿದೆ. ಹೊಸ ಸಂವೇದಕ ತಂದರೂ ಉಪಯೋಗವಿಲ್ಲ. (ಇದು ಎರಡು ತಂತಿಗಳ ತಾಪ ಸಂವೇದಕಕ್ಕೆ ಮಾತ್ರ ಸಲ್ಲುವ ಪರೀಕ್ಷೆ. ತರಬೇತಿ ಪಡೆದವರೇ ಮಾಡಬೇಕು.)

ಮೊದಲೇ 110–4 ಇದ್ದರೆ? ಸ್ವಲ್ಪ ಯೋಚಿಸಿ. ಆಗ ಕೊಂಡಿ ಕಳಚಿ ಸುಮ್ಮನೆ ಬಿಟ್ಟರೆ ಸಾಕು. ಅಂಕಿ 3ಕ್ಕೆ ಬದಲಾದರೆ ತಪ್ಪು ಸಂವೇದಕದ್ದು. 4 ಆಗಿಯೇ ಉಳಿದರೆ ತಂತಿಯ ಹೊದಿಕೆ ಸುಲಿದು ಯಂತ್ರದ ಮೈಗೆ ತಗುಲಿರಬೇಕು.

ಕೆಲವೊಮ್ಮೆ ಮೂರು ನಾಲ್ಕು ಸಂವೇದಕಗಳ ದೋಷಸಂಖ್ಯೆ ಒಟ್ಟಿಗೆ ಬರುತ್ತದೆ. ಎಲ್ಲವೂ ಒಂದೇ ದಿನ ಕೆಡುವುದುಂಟೇ? ಆಯಿಲ್ ಒತ್ತಡದಂಥ ಹಲವು ಸಂವೇದಕಗಳಿಗೆ 5 ವೋಲ್ಟ್ ಸಾಮಾನ್ಯವಾಗಿ ಒಂದೇ ತಂತಿಯಿಂದ ಹಂಚಿಕೆಯಾಗುತ್ತದೆ. ಒಂದೇ ಸಾಲಿನ ನಲ್ಲಿಗಳಲ್ಲಿ ಒಂದು ಮುರಿದು ಸುರಿದರೆ ಉಳಿದವಕ್ಕೂ ನೀರು ಏರುವುದಿಲ್ಲವಲ್ಲ, ಹಾಗೆ. ಒಂದೊಂದಾಗಿ ಕೊಂಡಿ ಕಳಚುತ್ತ ಹೋದರೆ, ಯಾವುದನ್ನು ಕಳಚಿದಾಗ ಉಳಿದವು ಸರಿಹೋಗುತ್ತವೋ ಅದೇ ಕಳ್ಳ.

ಸೆನ್ಸರ್ ಕೆಟ್ಟಿರಬೇಕು ಎಂದು ಎಲ್ಲ ಅಂಕಿಗಳನ್ನೂ ಕಡೆಗಣಿಸಬಹುದೇ? ಕೂಡದು! 100–1 ಎಂದರೆ ಆಯಿಲ್ ಒತ್ತಡ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದರ್ಥ. ಉಜ್ಜಾಡುವ ಲೋಹದ ಭಾಗಗಳ ನಡುವೆ ಆಯಿಲ್‌ನ ತೆಳುಪದರ ಇರದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಅವು ಕಾದು ಕಚ್ಚಿಕೊಳ್ಳಬಹುದು. ಎಂಜಿನ್ ನಿಲ್ಲಿಸಿದ ಮೇಲೆಯೇ ಮುಂದಿನ ಪರೀಕ್ಷೆ.

ಇನ್ನೊಂದು ಬಗೆಯ ಸಂವೇದಕವಿದೆ. ಅದು ನಯವಾಗಿ ಸುಳ್ಳು ಹೇಳುತ್ತದೆ. ನೀರು 30 ಡಿಗ್ರಿ ಇದ್ದರೆ 70 ಎನ್ನುತ್ತದೆ. 70 ಡಿಗ್ರಿ ಅಸಾಧ್ಯವೇನಲ್ಲ, ಆದ್ದರಿಂದ 3 ಅಥವಾ 4ರ ದೂರು ಏಳುವುದಿಲ್ಲ. ಇದನ್ನು ಹಿಡಿಯಲು ಒಳ್ಳೆಯ ಸಮಯ ಬೆಳಗಿನ ಜಾವ. ರಾತ್ರಿಯೆಲ್ಲ ನಿಂತ ಎಂಜಿನ್‌ನಲ್ಲಿ ನೀರು, ಗಾಳಿ, ಡೀಸೆಲ್ ಎಲ್ಲದರ ತಾಪವೂ ಹೊರಗಿನ ತಾಪಕ್ಕೆ ಹತ್ತಿರವಿರಬೇಕು. ಎಂಜಿನ್ ಚಾಲೂ ಮಾಡದೆ, ಬರೀ ಕೀಲಿ ತಿರುಗಿಸಿ ಪರದೆಯನ್ನು ಓದಬೇಕು. ಉಳಿದವೆಲ್ಲ 22, 23 ಎನ್ನುವಾಗ ಒಂದು ಮಾತ್ರ 60 ಎಂದರೆ, ಆ ದಿನ ಮೊದಲು ಬಿಚ್ಚಿ ನೋಡಬೇಕಾದ ಕೊಂಡಿ ಅದರದೇ.