ಗಡಸು ನೀರಿನ ಸೀಮೆಯಲ್ಲಿ ಈಜುಕೊಳದ ರಸಾಯನ

ಪಾಲಾರ್, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ ನದಿಗಳು ನಂದಿಬೆಟ್ಟದ ಸುತ್ತಣ ಸೀಮೆಯಲ್ಲಿ ಹುಟ್ಟುವುವಾದರೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯ ಜನರು ಕೆರೆಗಳನ್ನೂ ಆಳವಾದ ಕೊಳವೆ ಬಾವಿಗಳನ್ನೂ ನಂಬಿದವರು. ಇಂಥಲ್ಲಿ ಈಚಿನ ವರ್ಷಗಳಲ್ಲಿ ತೋಟದ ಮನೆಗಳಲ್ಲಿ ಈಜುಕೊಳಗಳು ತಲೆಯೆತ್ತಿವೆ. ನೀರು ಮಬ್ಬಾಯಿತೆಂದು ಅಂಥ ಕೊಳವನ್ನು ಬರಿದುಮಾಡಿ ಮತ್ತೆ ತುಂಬುವುದು ಹಣದ ನಷ್ಟವಷ್ಟೇ ಅಲ್ಲ, ನೆರೆಯವರ ಬಾವಿಗೂ ಹಾನಿ. ತುಂಬಿದ ನೀರನ್ನೇ ಅಲ್ಪ ವೆಚ್ಚದಲ್ಲಿ ಬಹುಕಾಲ ಶುದ್ಧವಾಗಿ ಉಳಿಸಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ನೀರಿನ ಸ್ವಭಾವವನ್ನು ಅರಿಯಬೇಕು. ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ತಂಗಿದ ನೀರು ಸಾಮಾನ್ಯವಾಗಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟುಗಳನ್ನು ಕರಗಿಸಿಕೊಂಡಿರುತ್ತದೆ. ಬಚ್ಚಲಿನ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಪೊರೆಯೇ ಇದಕ್ಕೆ ಸಾಕ್ಷಿ. ನೀರು ಮೇಲೆ ಬಂದು ಗಾಳಿಗೆ ಒಡ್ಡಿದೊಡನೆ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿ.ಎಚ್. ಮೌಲ್ಯ ಏರುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟು ಬೇರ್ಪಟ್ಟು ನೀರನ್ನು ಮಬ್ಬುಗೊಳಿಸುತ್ತದೆ.

ಪಿ.ಎಚ್. ಮೌಲ್ಯವು 7.2ರಿಂದ 7.8ರೊಳಗೆ ಇರಬೇಕೆನ್ನುವುದು ಕಣ್ಣುರಿ ತಪ್ಪಿಸಲು ಮಾತ್ರವಲ್ಲ. ಕ್ಲೋರಿನ್ ನೀರಿನಲ್ಲಿ ಹೈಪೋಕ್ಲೋರಸ್ ಆಮ್ಲವಾಗಿ ನಿಂತಾಗಲೇ ಅದರ ಕ್ರಿಮಿನಾಶಕ ಶಕ್ತಿ ಹೆಚ್ಚು. ಪಿ.ಎಚ್. 7.5ರಲ್ಲಿ ಅದರ ಅರ್ಧಭಾಗ ಈ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಸುಮಾರು ಕಾಲುಭಾಗ ಮಾತ್ರ. ಪಿ.ಎಚ್. ಸರಿಪಡಿಸದೆ ಕ್ಲೋರಿನ್ ಸುರಿಯುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಎಂಟು ಮೀಟರು ಉದ್ದ, ನಾಲ್ಕು ಮೀಟರು ಅಗಲ, ಒಂದೂವರೆ ಮೀಟರು ಆಳದ ಕೊಳವನ್ನು ಉದಾಹರಣೆಗೆ ತೆಗೆದುಕೊಳ್ಳೋಣ; ಅದರಲ್ಲಿ 48,000 ಲೀಟರು ಹಿಡಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಒದಗಿಸಲು, ಸೇಕಡ 33ರಷ್ಟು ಕ್ಲೋರಿನ್ ನೀಡಬಲ್ಲ ಚಲುವೆ ಪುಡಿ, ಎಂದರೆ ಬ್ಲೀಚಿಂಗ್ ಪೌಡರ್, ಸುಮಾರು 290 ಗ್ರಾಂ ಬೇಕು. ಅದನ್ನು ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಸಂಜೆಯ ವೇಳೆ ಬೆರೆಸಬೇಕು; ಬಿಸಿಲು ಕ್ಲೋರಿನ್ನನ್ನು ಬೇಗ ಕೆಡಿಸುತ್ತದೆ. ಆದರೆ ಈ ಪುಡಿ ಮೊದಲೇ ಗಡಸಾದ ನೀರಿಗೆ ಇನ್ನಷ್ಟು ಕ್ಯಾಲ್ಸಿಯಂ ಸೇರಿಸುತ್ತದೆ. ಆದುದರಿಂದ ದಿನನಿತ್ಯದ ಬಳಕೆಗೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಮೇಲು. ಸೆಕೆಯಲ್ಲಿ ಅದರ ಸತ್ತ್ವ ಕುಂದುವುದರಿಂದ ಆಗಿಂದಾಗ್ಗೆ ಅಷ್ಟಷ್ಟೇ ಕೊಳ್ಳುವುದು ಲೇಸು.

ಮೆದು ನೀರಿನ ದೇಶಗಳಿಗಾಗಿ ಬರೆದ ಕೈಪಿಡಿಗಳು ಅಡಿಗೆ ಸೋಡವನ್ನೂ ಕ್ಯಾಲ್ಸಿಯಂ ಲವಣವನ್ನೂ ಸೇರಿಸಲು ಹೇಳುತ್ತವೆ. ನಮ್ಮ ಸೀಮೆಯಲ್ಲಿ ಬಹುಮಟ್ಟಿಗೆ ಇವೆರಡೂ ವ್ಯರ್ಥ ಖರ್ಚು. ಕ್ಷಾರತೆ ಲೀಟರಿಗೆ 80ರಿಂದ 120 ಮಿಲಿಗ್ರಾಂ ಇದ್ದರೆ ಸಾಕು. ಇಲ್ಲಿ ಬೇಕಾದುದು ಸಾಮಾನ್ಯವಾಗಿ ಅದನ್ನು ತಗ್ಗಿಸುವ ಆಮ್ಲ. ಮೇಲಣ ಕೊಳದಲ್ಲಿ ಕ್ಷಾರತೆಯನ್ನು 10 ಮಿಲಿಗ್ರಾಂ ಇಳಿಸಲು ಸೇಕಡ 33ರ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು ಒಂದು ಲೀಟರು ಸಾಕು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಆಮ್ಲವನ್ನೂ ಕ್ಲೋರಿನ್ ಪದಾರ್ಥವನ್ನೂ ಎಂದಿಗೂ ಒಟ್ಟಿಗೆ ಬೆರೆಸಕೂಡದು. ಹೊಮ್ಮುವ ಕ್ಲೋರಿನ್ ಅನಿಲ ಪ್ರಾಣಾಪಾಯಕಾರಿ.

ಇನ್ನು ಗಡಸುತನದ ಮಾತು. ಆವಿಯಾಗಿ ಹೋಗುವುದು ನೀರು ಮಾತ್ರ. ಲವಣವೆಲ್ಲ ಕೊಳದಲ್ಲೇ ಉಳಿಯುತ್ತದೆ. ತಗ್ಗಿದಷ್ಟನ್ನು ಕೊಳವೆ ಬಾವಿಯಿಂದ ತುಂಬುತ್ತ ಹೋದಂತೆ ಗಡಸುತನ ಏರುತ್ತಲೇ ಇರುತ್ತದೆ. ಇದಕ್ಕೆ ಅಗ್ಗದ ಮದ್ದು ಮಳೆಯ ನೀರು. ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆ ಬೀಳುವೆಡೆ 100 ಚದರ ಮೀಟರಿನ ಮಾಳಿಗೆಯ ಮೇಲೆ 70,000 ಲೀಟರು ಸುರಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲನ್ನು ಹಿಡಿದಿಟ್ಟರೂ ನಮ್ಮ ಕೊಳ ಒಮ್ಮೆ ತುಂಬಿ ಮಿಗುತ್ತದೆ. ಬಳಸದ ವೇಳೆಯಲ್ಲಿ ಕೊಳಕ್ಕೆ ಹೊದಿಕೆ ಹಾಸಿದರೆ ನೀರೂ ಕ್ಲೋರಿನ್ನೂ ಎರಡೂ ಉಳಿಯುತ್ತವೆ.

ನೀರಿನ ಗುಣ ಬಾವಿಯಿಂದ ಬಾವಿಗೆ ಬೇರೆ. ಪರೀಕ್ಷೆಯಿಲ್ಲದೆ ಯಾವುದನ್ನೂ ಬೆರೆಸಬಾರದು. ಮಿಥೈಲ್ ಆರೆಂಜ್ ಸೂಚಕದಿಂದ ಕ್ಷಾರತೆಯನ್ನೂ ಇ.ಡಿ.ಟಿ.ಎ. ದ್ರಾವಣದಿಂದ ಗಡಸುತನವನ್ನೂ ಅಳೆಯುವುದು ಪದವಿ ತರಗತಿಯ ಸಾಮಾನ್ಯ ಪ್ರಯೋಗವೇ ಆಗಿದೆ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಬಾವಿಯ ನೀರನ್ನು ಸೀಸೆಯಲ್ಲಿ ತಂದು ಅಳೆದರೆ, ಆ ಅಂಕಿಗಳು ಕೊಳದವನಿಗೆ ಮಾತ್ರವಲ್ಲ, ಅದೇ ನೀರಿನಲ್ಲಿ ಗೂಡು ಬೇಯಿಸುವ ಶಿಡ್ಲಘಟ್ಟದ ನೂಲು ಬಿಚ್ಚುವವರಿಗೂ ಉಪಯೋಗವಾದಾವು.